ಕಲಬುರಗಿಯಾಗ ಓದೋ ಹುಡುಗಿಯರಿಗೆ ರೂಮ್: ನಮಗ ಸಿಕ್ಕದ್ದು ಹ್ಯಾಂಗ

ಪಿಯುಸಿ ರಿಸಲ್ಟ್ ಬಂತಂದ್ರ ಸಾಕು, ಊರ ಕಡಿಂದ ಹುಡುಗಿಯರ ಫೋನ್ ಚಾಲು ಆಗ್ತಾವ. ಅಕ್ಕಾ ಕಲಬುರಗಿಯಾಗ ರೂಮ್ ಎಷ್ಟಕ್ಕ ಸಿಗ್ತದ, ಯಾವ ಏರಿಯಾ ಛಲೋ, ಪಿಜಿ ಹಿಡಿಯೋದಾ ರೂಮ್ ಮಾಡೋದಾ, ಹಾಸ್ಟೆಲ್ ಸಿಗ್ತದೋ ಇಲ್ಲೋ. ಫೋನಿನಾಗ ಎಷ್ಟು ಹೇಳಿದ್ರೂ ಅರ್ಧ ಉಳೀತದ, ಅದಕ್ಕ ಒಮ್ಮೆ ಕುಂತು ನಮ್ದು ಹ್ಯಾಂಗ ಆಯ್ತು ಅಂತ ಪೂರ್ತಿ ಬರೀಲತ್ತೀನಿ. ಒಂದು ಮಾತು ಮೊದ್ಲೇ ಹೇಳಿಬಿಡ್ತೀನಿ, ಬಾಡಿಗಿ ಎಷ್ಟು ಅನ್ನೋದು ಎರಡನೇ ಪ್ರಶ್ನೆ, ನೀರು ಹ್ಯಾಂಗ ಬರ್ತದ ಅನ್ನೋದು ಮೊದಲ್ನೇದು.

ನಮ್ದು ಶಹಾಪುರ ತಾಲ್ಲೂಕಿನ ಹಳ್ಳಿ, ಯಾದಗಿರಿ ಜಿಲ್ಲಾ. ಅಪ್ಪಂದು ಮೂರು ಎಕರೆ ಹೊಲ, ತೊಗರಿ ಹತ್ತಿ ಹಾಕ್ತಾನ. 2024ರಾಗ ಬಿಎಸ್ಸಿಗೆ ಕಲಬುರಗಿ ಕಾಲೇಜಿಗೆ ಅಡ್ಮಿಷನ್ ಆಯ್ತು, ಸೇಡಂ ರೋಡ್ ಕಡಿ. ಆ ವರ್ಷದಿಂದ ಡಿಗ್ರಿ ಮತ್ತ ಮೂರು ವರ್ಷಕ್ಕ ಬಂತು, ಅಪ್ಪ ಅದನ್ನ ಕೇಳಿ ಮೂರು ವರ್ಷದ್ದು ಲೆಕ್ಕ ಹಾಕಿದ, ತಿಂಗ್ಳಿಗಿ 3,500 ಮನಿಯಿಂದ ಕೊಡ್ತೀನಿ, ಅದರ ಮ್ಯಾಗ ನನ್ನ ಕೈಲೆ ಆಗಂಗಿಲ್ಲ ಅಂದ. ಜ್ವಾಳ, ತೊಗರಿಬ್ಯಾಳಿ, ಶೇಂಗಾ ಮನಿಯಿಂದ ಒಯ್ಯೋದು ಬ್ಯಾರೆ. ಅಷ್ಟ್ರೊಳಗ ಬಾಡಿಗಿ, ಊಟ, ನೋಟ್‌ಬುಕ್, ಫೋನ್ ರಿಚಾರ್ಜ್ ಎಲ್ಲಾ ಬರಬೇಕಿತ್ತು.

ಮೊದ್ಲು ದಿನಾ ಬಸ್ಸಿಗೆ ಹೋಗಿ ಬರೋದೇ ಮಾಡಮು ಅಂತ ಮನ್ಯಾಗ ಮಾತು ಬಂತು. ಶಕ್ತಿ ಯೋಜನೆ 2023ರ ಜೂನಿಂದ ಅದ, ನಮಗ ಬಸ್ ಪುಕ್ಕಟೆ, ಆಧಾರ್ ತೋರ್ಸಿದ್ರ ಆಯ್ತು. ಜೇವರ್ಗಿ, ಚಿತ್ತಾಪುರ, ಆಳಂದ ಕಡಿಂದ ಹಂಗ ದಿನಾ ಓಡಾಡೋ ಹುಡುಗಿಯರು ಭಾಳ ಮಂದಿ ಅದಾರ, ಅವರಿಗಿ ಅದು ಖರೇನೇ ಛಲೋ. ನಮ್ಮ ಹಳ್ಳಿಯಿಂದ ಆಗೋ ಮಾತಲ್ಲ. ಹಳ್ಳಿಯಿಂದ ಶಹಾಪುರ, ಶಹಾಪುರದಿಂದ ಕಲಬುರಗಿ, ಅಲ್ಲಿ ಇಳಿದು ಮತ್ತ ಸಿಟಿ ಬಸ್, ಹೋಗ್ಲಾಕ ಮೂರು ತಾಸು ಬರ್ಲಾಕ ಮೂರು ತಾಸು, ಮುಂಜಾನಿ 8 ಗಂಟೆ ಲ್ಯಾಬ್ ಇದ್ರ ನಾ ಎಷ್ಟಕ್ಕ ಏಳ್ಬೇಕು ನೀವೇ ನೋಡ್ರಿ. ಶಹಾಪುರದಾಗ ಕಿರಾಣಿ ಅಂಗಡಿ ಇಟ್ಟ ನಮ್ಮ ಮಾಮಾ (ಅವ್ವನ ತಮ್ಮ) ಅಪ್ಪಗ ಹೇಳಿದ, ಮಾವಾ, ಹುಡುಗಿ ಓದ್ಲಾಕ ಹೊಂಟಾಳೋ ಬಸ್ಸಿನಾಗ ಕೂಡ್ಲಾಕ ಹೊಂಟಾಳೋ, ನಾ ಹೋಗಿ ರೂಮ್ ನೋಡ್ತೀನಿ ತಗೋ ಅಂತ.

ಕಲಬುರಗಿ ಏನ್ ಬೆಂಗ್ಳೂರಾ, ಅಷ್ಟು ತುಟ್ಟಿ ಯಾಕ ಅಂತ ಕೆಲವ್ರು ಕೇಳ್ತಾರ. ಬೆಂಗ್ಳೂರಿನಷ್ಟು ಇಲ್ಲ, ಖರೆ. ಆದ್ರ ನಮ್ಮಂಥ ಮನಿಯವ್ರಿಗೆ ಇದೇ ತುಟ್ಟಿ ಊರು. ಇಡೀ ವಿಭಾಗಕ್ಕ ಇದೇ ದೊಡ್ಡೂರು, ಬೀದರ್, ಯಾದಗಿರಿ, ರಾಯಚೂರು, ಆ ಕಡಿ ವಿಜಯಪುರದ ಇಂಡಿ ಸಿಂದಗಿಯಿಂದನೂ ಓದ್ಲಾಕ ಇಲ್ಲಿಗೇ ಬರ್ತಾರ. ಗುಲ್ಬರ್ಗ ವಿಶ್ವವಿದ್ಯಾಲಯ 1980ರಿಂದ ಅದ, ಪಿಡಿಎ ಇಂಜಿನಿಯರಿಂಗ್ ಕಾಲೇಜು 1958ರಿಂದ, ಮೆಡಿಕಲ್ ಕಾಲೇಜು ಒಂದಲ್ಲ ಹಲವು ಅವ, ಕಡಗಂಚಿ ಕಡಿ ಕೇಂದ್ರೀಯ ವಿಶ್ವವಿದ್ಯಾಲಯ ಅದ. ಸಂವಿಧಾನದಾಗ ನಮ್ಮ ಭಾಗಕ್ಕ ಮೀಸಲಾತಿ ಕೊಡೋ 371(ಜೆ) ಬಂದ ಮ್ಯಾಗ ನಮ್ಮ ಭಾಗದ ಹುಡುಗರಿಗಿ ಇಲ್ಲೇ ಸೀಟು ಸಿಗಲತ್ತಾವ, ಅದು ಎಷ್ಟು ದೊಡ್ಡ ಮಾತು ಅಂತ ನಮ್ಮ ಅಪ್ಪ ಅವ್ವನ ಕೇಳ್ರಿ. ಹೈಕೋರ್ಟ್ ಪೀಠ 2008ರಾಗ ಬಂತು, 2013ರಾಗ ಕಾಯಂ ಆಯ್ತು, ಅದಕ್ಕ ವಕೀಲ್ರು ಮನಿ ಹಿಡೀತಾರ. ಮ್ಯಾಗ ನೀಟ್ ಕೋಚಿಂಗ್, ಪಿಎಸ್‌ಐ ಕೋಚಿಂಗ್, ಕೆಎಎಸ್ ಕೋಚಿಂಗ್ ಅಂತ ಬರೋರು ಬ್ಯಾರೆ. ಎಲ್ರಿಗೂ ಬೇಕಾಗಿದ್ದು ಅದೇ ಸಣ್ಣ ರೂಮ್, ಅದೂ ಜೂನ್ ಜುಲೈದಾಗ. ಅದಕ್ಕ ಆ ಎರಡು ತಿಂಗ್ಳಾಗ ಓನರ್ ಹೇಳಿದ್ದೇ ರೇಟು.

ಹಾಸ್ಟೆಲ್ ಅರ್ಜಿ ಹಾಕೋದು ಮಾತ್ರ ಯಾರೂ ಬಿಡಬ್ಯಾಡ್ರಿ, ರೂಮ್ ಸಿಕ್ಕಿದ್ರೂ ಬಿಡಬ್ಯಾಡ್ರಿ. ಹಿಂದುಳಿದ ವರ್ಗದ್ದು, ಸಮಾಜ ಕಲ್ಯಾಣದ್ದು, ಅಲ್ಪಸಂಖ್ಯಾತರದ್ದು, ಎಲ್ಲಾ ಮೆಟ್ರಿಕ್ ನಂತರದ ಹಾಸ್ಟೆಲ್ ಅವ, ಊಟ ವಸತಿ ಪುಕ್ಕಟೆ, ಅರ್ಜಿ ಆನ್‌ಲೈನ್ ಸ್ಟೇಟ್ ಹಾಸ್ಟೆಲ್ ಪೋರ್ಟಲ್‌ದಾಗ. ಅದಕ್ಕ ಜಾತಿ ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಬೇಕು, ಅದನ್ನ ಊರಾಗ ಇದ್ದಾಗ್ಲೇ ನಾಡಕಚೇರಿಯಾಗ ತಗೊಂಡು ಬರ್ರಿ, ಆಧಾರಿನಾಗ ಹೆಸ್ರು ಹ್ಯಾಂಗ ಅದನೋ ಮಾರ್ಕ್ಸ್ ಕಾರ್ಡಿನಾಗೂ ಹಂಗೇ ಇರ್ಬೇಕು, ಇಲ್ಲಂದ್ರ ಅಲ್ಲೇ ಸಿಗ್ಹಾಕೋತದ. ನಮ್ದು ಪ್ರವರ್ಗ-1, ನಾ ಬಿಸಿಎಂ (ಹಿಂದುಳಿದ ವರ್ಗದ) ಹಾಸ್ಟೆಲಿಗೆ ಹಾಕಿದ್ದೆ. ಖರೆ ಅರ್ಜಿ ಹಾಕಿದವ್ರಿಗೆಲ್ಲಾ ಸಿಗೋವಷ್ಟು ಸೀಟು ಇರಂಗಿಲ್ಲ, ಪಟ್ಟಿ ಬರೋತನಕ ಕ್ಲಾಸ್ ಶುರು ಆಗಿರ್ತಾವ, ಅಲ್ಲಿತನಕ ಎಲ್ಲ್ಯಾರ ಇರ್ಲೇಬೇಕಲ್ಲ. ಸೀಟು ಸಿಗದಿದ್ರ ಹಿಂದುಳಿದ ವರ್ಗದವ್ರಿಗೆ ವಿದ್ಯಾಸಿರಿ ಅಂತ ಅದ, ನಾ ಹಾಕಿದ ವರ್ಷ ತಿಂಗ್ಳಿಗಿ 1,500ರಂತೆ 10 ತಿಂಗ್ಳದ್ದು 15,000 ಇತ್ತು. ನನಗ ಅದು ಬಂದದ್ದು ಒಮ್ಮೆಗೇ, ಭಾಳ ತಡದು, ಅದಕ್ಕ ತಿಂಗ್ಳ ಬಾಡಿಗಿ ಲೆಕ್ಕದಾಗ ಅದನ್ನ ಹಿಡಿಯಬ್ಯಾಡ್ರಿ, ಬಂದಾಗ ಫೀಸಿಗೋ ಮುಂದಿನ ವರ್ಷಕ್ಕೋ ಇಟ್ಕೋರಿ.

ಅಡ್ಮಿಷನ್ ದಿನ ಸಾಲಿನಾಗ ನನ್ನ ಮುಂದ ನಿಂತಾಕಿ ಭಾಲ್ಕಿ ಕಡಿಯಾಕಿ, ಹಿಂದ ನಿಂತಾಕಿ ಚಿಂಚೋಳಿ ತಾಲ್ಲೂಕಿನಾಕಿ. ಮೂರೂ ಮಂದಿಗೆ ರೂಮ್ ಇರಲಿಲ್ಲ. ಸಾಲು ಮುಂದ ಹೋಗೋದ್ರೊಳಗ ಮೂರು ಮಂದಿ ಕೂಡಿ ಮಾಡಮು ಅಂತ ಮಾತಾಯ್ತು, ಬಾಡಿಗಿ ಮೂರು ಪಾಲು ಆದ್ರ ಎಲ್ರಿಗೂ ನಿಲುಕ್ತದ ಅಂತ. ನಮ್ಮ ಮಾಮಾ, ಭಾಲ್ಕಿ ಗೆಳತಿ ಅವ್ವ, ನಾವು ಮೂವರು ಹಂಗೇ ಹುಡುಕ್ಲಾಕ ಹೊಂಟ್ವಿ.

ಮೊದ್ಲು ಲೇಡೀಸ್ ಪಿಜಿ ನೋಡಿದ್ವಿ, ಭಾಲ್ಕಿ ಗೆಳತಿ ಅವ್ವಗ ಪಿಜಿಯೇ ಇರ್ಲಿ, ಕಾವಲು ಇರ್ತದ ಅಂತ ಮನಸ್ಸಿತ್ತು. ಕಾಲೇಜಿಗೆ ಹತ್ತಿರ ಇರೋವು ಮೂವರ ಶೇರಿಂಗಿಗೆ ಊಟ ಹಿಡ್ದು 6,000 ಅಂದ್ರು, ಡಿಪಾಜಿಟ್ 5,000, ಅದ್ರಾಗ 2,000 ವಾಪಸ್ ಬರಂಗಿಲ್ಲ, ಮೆಂಟೆನೆನ್ಸ್ ಅಂತ ಮುರಕೋತಾರ. ಊರಿಗಿ ಹೋಗಿ ಹದಿನೈದು ದಿನ ಇದ್ದು ಬಂದ್ರೂ ಊಟದ ರೊಕ್ಕ ಕಡಿಮಿ ಆಗಂಗಿಲ್ಲ. ಒಂದರಾಗ ರೂಮಿಗೆ ಕಿಡಕಿನೇ ಇರಲಿಲ್ಲ, ಒಂದೇ ಹಾಲಿಗೆ ಪ್ಲೈವುಡ್ ಹೊಡದು ನಾಲ್ಕು ಭಾಗ ಮಾಡಿದ್ರು, ಈ ಕಡಿಯಾಕಿ ಕೆಮ್ಮಿದ್ರ ಆ ಕಡಿಯಾಕಿಗೆ ನಿದ್ದಿ ಹೋಗ್ತದ. ಪಿಜಿ ಎಲ್ಲಾ ಕೆಟ್ಟವು ಅಂತ ನಾ ಹೇಳಂಗಿಲ್ಲ, ನಮ್ಮ ಕ್ಲಾಸಿನಾಗೇ ಪಿಜಿಯಾಗ ಆರಾಮ ಇರೋರು ಅದಾರ, ಮನಿಯಿಂದ 8,000 ಬರೋರಿಗೆ ಅದು ಅನುಕೂಲ, ಅಡಿಗಿ ಟೈಮ್ ಉಳೀತದ. ನಮಗ ಆಗಂಗಿಲ್ಲ ಅಷ್ಟೇ.

ಫೋನಿನಾಗ ಹುಡುಕಿದ್ರ ಅಗ್ಗದ್ದೂ ಕಾಣಿಸ್ತಾವ, ಒಬ್ಬ ಫೋಟೋ ಕಳ್ಸಿದ, ಟೈಲ್ಸ್ ಹಾಕಿದ ಚಂದದ ಮನಿ, ಬರೇ 3,000, ನೋಡ್ಲಾಕ ಬರೋದ್ರ ಮೊದ್ಲು 2,000 ಟೋಕನ್ ಹಾಕ್ರಿ ಇಲ್ಲಂದ್ರ ಬ್ಯಾರೇವ್ರಿಗೆ ಕೊಡ್ತೀನಿ ಅಂದ. ಮಾಮಾ ಫೋನ್ ಇಸ್ಗೊಂಡು, ಅಣ್ಣಾ, ಮನಿ ನೋಡಿ ನಿನ್ನ ಕೈಯಾಗೇ ರೊಕ್ಕ ಇಡ್ತೀನಿ, ಎಲ್ಲಿ ಬರ್ಬೇಕು ಹೇಳು ಅಂದ, ಆಮ್ಯಾಗ ಆ ನಂಬರ್ ಹತ್ತಲೇ ಇಲ್ಲ. ಮನಿ ನೋಡದ ಒಂದು ರೂಪಾಯಿನೂ ಹಾಕಬ್ಯಾಡ್ರಿ.

ಆಮ್ಯಾಗ ಕಾಲ್ನಡಿಗಿ ಚಾಲು. ವಿದ್ಯಾನಗರ, ಜಯನಗರ, ಗುಬ್ಬಿ ಕಾಲೋನಿ, ಪೂಜಾ ಕಾಲೋನಿ, ಗೇಟಿಗಿ ಟುಲೆಟ್ ಬೋರ್ಡ್ ಕಂಡಲ್ಲೆಲ್ಲಾ ನಿಂತು ಕೇಳೋದು. ಅರ್ಧ ಬೋರ್ಡಿನಾಗ ಓನ್ಲಿ ಫ್ಯಾಮಿಲಿ ಅಂತಿತ್ತು. ಹಳೇ ಊರು ಬ್ರಹ್ಮಪುರ, ಶಹಾಬಜಾರ, ಗಾಜಿಪುರ ಕಡಿನೂ ಹೋದ್ವಿ, ಅಲ್ಲಿ ರೂಮ್ ಅಗ್ಗ, ಸೂಪರ್ ಮಾರ್ಕೆಟ್ ಹತ್ತಿರ, ಶರಣಬಸವೇಶ್ವರ ಗುಡಿ ಹತ್ತಿರ, ಖರೆ ನಮ್ಮ ಕಾಲೇಜಿಗೆ ದೂರ. ಅಲ್ಲೇ ಒಂದು ತಗಡಿನ ಪತ್ರಾಸ್ ಹಾಕಿದ ರೂಮ್ 2,500ಕ್ಕ ಇತ್ತು. ಮಧ್ಯಾಹ್ನ ಒಳಗ ಕಾಲಿಟ್ರ ಹಂಚಿನ ಮ್ಯಾಗ ನಿಂತಂಗ ಆಯ್ತು, ಅದೂ ಜೂನ್ ತಿಂಗ್ಳು, ಒಂದೆರಡು ಮಳಿ ಬಿದ್ದ ಮ್ಯಾಗ. ಏಪ್ರಿಲ್ ಮೇದಾಗ ಇಲ್ಲಿ 42 ಡಿಗ್ರಿ ದಾಟ್ತದ, ಅದೇ ಟೈಮಿಗೆ ಪರೀಕ್ಷಾ ತಯಾರಿನೂ ಇರ್ತದ. ರೂಮ್ ನೋಡ್ಲಾಕ ಮಧ್ಯಾಹ್ನ ಎರಡು ಮೂರರ ಸುಮಾರಿಗೆ ಹೋಗ್ರಿ, ಮುಂಜಾನಿ ಎಲ್ಲಾ ರೂಮೂ ತಣ್ಣಗೇ ಇರ್ತಾವ.

ಮಾಮಾ ಎಲ್ಲೇ ಹೋಗ್ಲಿ, ಒಳಗ ಬರೋದ್ರ ಮೊದ್ಲು ಒಂದೇ ಕೇಳ್ತಿದ್ದ, ನಳ ಎಷ್ಟು ದಿನಕ್ಕ ಬರ್ತದ್ರಿ, ಸಂಪ್ ಅದೇನ್ರಿ, ಬೋರ್ ಅದೇನ್ರಿ. ನನಗ ಮೊದ್ಲು ಅನಿಸ್ತು ಈ ಮಾಮಾ ಬಾಡಿಗಿ ಬಿಟ್ಟು ನೀರೇ ಹಿಡ್ಕೊಂಡು ಕುಂತಾನಲ್ಲ ಅಂತ. ಕಲಬುರಗಿಯಾಗ ಎಷ್ಟೋ ಏರಿಯಾದಾಗ ನಳ ದಿನಾ ಬರಂಗಿಲ್ಲ, ನಾಕೈದು ದಿನಕ್ಕೊಮ್ಮೆ, ಕೆಲವು ಕಡಿ ಅದಕ್ಕೂ ತಡ. ಪೂಜಾ ಕಾಲೋನಿ ಕಡಿ ಒಂದು ಛಲೋ ರೂಮ್ 4,000ಕ್ಕ ಇತ್ತು, ಗೋಡಿಗಿ ಹೊಸ ಬಣ್ಣ, ನಮ್ಮ ಮೂವರಿಗೂ ಮನಸ್ಸಿಗಿ ಬಂತು. ಮಾಮಾ ಮಾಳಿಗಿ ಮ್ಯಾಗ ಹತ್ತಿ ನೋಡಿ ಬಂದ. ಆರು ರೂಮಿಗಿ ಒಂದೇ ಸಿಂಟ್ಯಾಕ್ಸ್, ಅದೂ 500 ಲೀಟರಿಂದು. ಸಂಪ್ ಇಲ್ಲ, ಬೋರ್ ಬ್ಯಾಸಿಗಿಗಿ ಬತ್ತುತದ ಅಂತ ಪಕ್ಕದ ಮನಿಯವ್ರು ಹೇಳಿದ್ರು, ಆವಾಗ ಟ್ಯಾಂಕರ್ ತರಿಸಿ ರೊಕ್ಕ ರೂಮಿಗಿ ಹಂಚ್ತಾರ. ಎರಡು ಬ್ಯಾಸಿಗಿ ತಿಂಗ್ಳು ಟ್ಯಾಂಕರ್ ಪಾಲು ಕೂಡ್ಸಿದ್ರ ಆ 4,000 ರೂಮ್ 4,000ಕ್ಕ ಬೀಳಂಗಿಲ್ಲ. ಮ್ಯಾಗ ಹುಡುಗಿಯರಿಗೆ ನೀರಿಲ್ಲದ ರೂಮ್ ಅಂದ್ರ ಏನು ಅಂತ ಹುಡುಗಿಯರಿಗೇ ಗೊತ್ತು, ತಿಂಗ್ಳಿನ ಆ ದಿನದಾಗ ಬಚ್ಚಲದಾಗ ನೀರು ಇಲ್ಲಂದ್ರ ಕಾಲೇಜಿಗಿ ಹೋಗೋದೇ ನಿಲ್ತದ. ಇದನ್ನ ಯಾರೂ ಬಾಯಿಬಿಟ್ಟು ಹೇಳಂಗಿಲ್ಲ, ನಾ ಹೇಳ್ಲತ್ತೀನಿ.

ಇನ್ನೊಂದು ಮಾತು ಅದ, ಬರೀಲೇಬೇಕು. ಬಾಡಿಗಿ, ನೀರು, ಎಲ್ಲಾ ಹೊಂದಿದ ಮ್ಯಾಗ ಓನರ್ ಕೇಳೋ ಪ್ರಶ್ನೆ, ನೀವು ಯಾವ ಮಂದಿ? ಕೆಲವ್ರು ನೇರ ಕೇಳ್ತಾರ, ಕೆಲವ್ರು ಅಡ್ಡ ಹೆಸ್ರು ಏನು, ಮನಿ ದೇವ್ರು ಯಾವುದು, ಮಟನ್ ತಿಂತೀರೇನು ಅಂತ ಸುತ್ತಿ ಬರ್ತಾರ. ಜಯನಗರ ಕಡಿ ಒಂದು ಮನಿ, ಎಲ್ಲಾ ಮಾತು ಮುಗಿದು ಮಾಮಾ ಅಡ್ವಾನ್ಸ್ ಕೊಡ್ಲಾಕ ಕಿಸೆಕ್ಕ ಕೈ ಹಾಕಿದ್ದ. ಮನಿ ಅಮ್ಮೋರು ನನ್ನ ಕೇಳಿದ್ರು, ಹೇಳಿದೆ, ಹ್ಞೂಂ ಅಂದ್ರು. ಚಿಂಚೋಳಿಯಾಕಿನ ಕೇಳಿದ್ರು, ಹ್ಞೂಂ ಅಂದ್ರು. ಭಾಲ್ಕಿ ಗೆಳತಿನ ಕೇಳಿದ್ರು, ಆಕಿ ಎಸ್ಸಿ ಅಂತ ನೇರ ಹೇಳಿದ್ಳು. ಅಮ್ಮೋರು ಒಳಗ ಹೋಗಿ ಬಂದು, ನಮ್ಮ ಯಜಮಾನ್ರು ಈಗೇ ಫೋನ್ ಮಾಡಿದ್ರು, ನಮ್ಮ ಬೀಗರ ಹುಡುಗರು ಬರ್ತಾರಂತ, ರೂಮ್ ಅವ್ರಿಗೆ ಬೇಕಂತ ಅಂದ್ರು. ಹೊರಗ ಬಂದ ಮ್ಯಾಗ ಮಾಮಾನ ಫೋನಿಗಿ ಅವ್ರದ್ದೇ ಫೋನ್, ನಿಮ್ಮ ಹುಡುಗಿ ಮತ್ತ ಆ ಚಿಂಚೋಳಿ ಹುಡುಗಿ ಇಬ್ರೇ ಆದ್ರ ಬರ್ರಿ, 500 ಕಡಿಮಿ ಮಾಡ್ತೀವಿ.

ಭಾಲ್ಕಿ ಗೆಳತಿ ಅವ್ವ ಪಕ್ಕದಾಗೇ ನಿಂತಿದ್ರು, ಫೋನಿನ ದನಿ ಕೇಳ್ತಿತ್ತು. ಮಾಮಾ ಬ್ಯಾಡ್ರಿ ಅಮ್ಮಾ ಅಂತ ಅಷ್ಟೇ ಹೇಳಿ ಇಟ್ಟ. ಆಕಿ ಅವ್ವ ನಮಗ ಹೇಳಿದ್ರು, ನೀವು ಇಬ್ರು ಹಿಡೀರಿ ಅವ್ವಾ, ನಮ್ದು ನಾವು ನೋಡ್ಕೋತೀವಿ, ನಮಗಿದು ಹೊಸಾದಲ್ಲ ಅಂತ. ನಾವು ಹಿಡೀಲಿಲ್ಲ. ದೊಡ್ಡ ಕೆಲಸ ಮಾಡಿದ್ವಿ ಅಂತ ಹೇಳ್ಲತ್ತಿಲ್ಲ, ಮೂವರು ಅಂತ ಮಾತಾಗಿತ್ತು, ಮೂವರಿಗೇ ನೋಡ್ಬೇಕು. ಖರೆ ಒಂದು ಗೊತ್ತಾಯ್ತು, ಕಲಬುರಗಿಯಾಗ ಒಂದೇ ರೂಮಿನ ರೇಟು ಎಲ್ರಿಗೂ ಒಂದೇ ಇರಂಗಿಲ್ಲ. ಆಕಿ ಒಬ್ಬಾಕೇ ಹುಡುಕಿದ್ರ ಸಿಗೋದು ಉಳಿದ ರೂಮ್, ದೂರದ್ದು, ನೀರಿಲ್ಲದ್ದು, ಅದಕ್ಕೂ ಹೆಚ್ಚು ಬಾಡಿಗಿ. ಬಸವಣ್ಣನ ಫೋಟೋ ಹಾಕ್ಕೊಂಡ ಹಾಲಿನಾಗ ಕುಂತು ಈ ಪ್ರಶ್ನೆ ಕೇಳ್ತಾರಲ್ಲ, ಅದು ನನಗ ಇವತ್ತಿಗೂ ಸಂಕಟ ಆಗ್ತದ.

ನಮಗ ರೂಮ್ ಸಿಕ್ಕದ್ದು ರೊಟ್ಟಿ ಅಂಗಡಿಯಿಂದ. ನಮ್ಮ ಕಡಿ ಗೊತ್ತೇ ಅದ, ಓಣಿಗೊಂದು ಜ್ವಾಳದ ರೊಟ್ಟಿ ಮಾಡಿ ಮಾರೋ ಮನಿ ಇರ್ತದ. ಸಂಜಿಗಿ ಸಾಕಾಗಿ ಒಂದು ಕಡಿ ರೊಟ್ಟಿ ಶೇಂಗಾ ಹಿಂಡಿ ಕಟ್ಟಿಸ್ಕೊಳ್ಲಾಕ ನಿಂತಿದ್ವಿ. ಒಲಿ ಮುಂದ ಕುಂತ ಅಕ್ಕ ಒಂದು ಕೈಲೆ ರೊಟ್ಟಿ ಬಡೀತಾ ಇನ್ನೊಂದು ಕೈಲೆ ತಿರುಗಿಸ್ತಾ, ತಲಿ ಎತ್ತದೇನೇ ಕೇಳಿದ್ರು, ರೂಮ್ ಹುಡುಕ್ಲತ್ತೀರೇನು, ಮುಂಜಾನಿ ಇದೇ ಓಣಿಯಾಗ ಹೋದ್ರಲ್ಲ. ಅವ್ರ ಮಗ್ಗಲಕ ಗೋಡಿಗಿ ಒಂದು ನೋಟ್‌ಬುಕ್ ದಾರ ಕಟ್ಟಿ ತೂಗಹಾಕಿತ್ತು, ಯಾವ ಮನಿಗಿ ದಿನಾ ಎಷ್ಟು ರೊಟ್ಟಿ ಅಂತ ಬರದಿದ್ದು. ಯಾವ ರೂಮಿನ ಹುಡುಗರು ಪರೀಕ್ಷಾ ಮುಗಿಸಿ ಹೋದ್ರು, ಯಾವ ಮನಿ ರೊಟ್ಟಿ ಹತ್ತರಿಂದ ಐದಕ್ಕ ಬಂತು, ಎಲ್ಲಾ ಅದ್ರಾಗ ಅದ. ನೋಟ್‌ಬುಕ್ ತಿರುವಿ ಹಾಕಿ ಅಕ್ಕ ಹೇಳಿದ್ರು, ಹಿಂದಿನ ಓಣಿಯಾಗ ಆಯಿ ಒಬ್ರೇ ಇರ್ತಾರ, ಮ್ಯಾಗಿನ ಖೋಲಿಯಾಗ ಬಿಎಡ್ ಹುಡುಗಿಯರು ಇದ್ರು, ಹೋದ ತಿಂಗ್ಳು ಬಿಟ್ರು, ಬೋರ್ಡ್ ಹಾಕಿಲ್ಲ ಅವ್ರು, ಬೋರ್ಡ್ ಹಾಕಿದ್ರ ಬ್ರೋಕರ್ ಮಂದಿ ಬಂದು ಕಾಡ್ತಾರಂತ, ಹೋಗಿ ನಾ ಕಳಿಸೀನಿ ಅಂತ ಹೇಳ್ರಿ. ಬ್ರೋಕರಿಗಿ ಒಂದು ತಿಂಗ್ಳ ಬಾಡಿಗಿ ಕಮಿಷನ್ ಹೋಗ್ತದ, ಆ ಅಕ್ಕ ಒಂದು ರೂಪಾಯಿನೂ ಕೇಳ್ಲಿಲ್ಲ. ರೊಟ್ಟಿ ಅಂಗಡಿ, ಮೆಸ್, ಝೆರಾಕ್ಸ್ ಅಂಗಡಿ, ಹಾಲು ಹಾಕೋರು, ಇವ್ರನ್ನ ಕೇಳ್ರಿ, ಬೋರ್ಡಿಲ್ಲದ ರೂಮ್ ಎಲ್ಲಾ ಇವ್ರಿಗೇ ಗೊತ್ತಿರ್ತಾವ.

ಆಯಿ ಎಪ್ಪತ್ತರ ಮ್ಯಾಗ ಇದ್ದಾರ, ಮೊಳಕಾಲು ಬ್ಯಾನಿ, ಕಟ್ಟಿ ಮ್ಯಾಗ ಕುಂತೇ ಮಾತಾಡಿದ್ರು. ಖೋಲಿ ಮ್ಯಾಗ, ಸಣ್ಣ ಅಡಿಗಿ ಕಟ್ಟಿ, ಸಂಡಾಸ ಬಚ್ಚಲ ಹೊರಗ ಖರೆ ನಮ್ಮ ಮೂವರಿಗೇ, ನೆಲಕ್ಕ ಶಹಾಬಾದಿ ಫರಸಿ, ಹಳೇದು, ನುಣ್ಣಗ ಆಗಿದ್ದು, ಬರಿಗಾಲು ಇಟ್ರ ತಣ್ಣಗ ಇರ್ತದ. ಉತ್ತರಕ್ಕ ಒಂದು ಕಿಡಕಿ, ಪೂರ್ವಕ್ಕ ಬಾಗಿಲು. ಕಿರಾಯಿ 6,000 ಅಂದ್ರು. ಮಾಮಾ ಎಂದಿನಂಗ ನೀರು ಕೇಳಿದ. ಆಯಿ ಹೇಳಿದ್ರು, ಸಂಪ್ ದೊಡ್ಡದದ, ನಳ ಬಂದಾಗ ತುಂಬಿಸಿದ್ರ ವಾರ ಬರ್ತದ, ಖರೆ ನಳ ನಸುಕಿನಾಗ ಯಾವಾಗ್ಲೋ ಬರ್ತದ, ನನಗ ಎದ್ದು ಪೈಪ್ ಹಚ್ಚಿ ಮೋಟರ್ ಹಾಕ್ಲಾಕ ಆಗಂಗಿಲ್ಲ, ಹಿಂದಿನ ಹುಡುಗಿಯರು ಮಲ್ಕೊಂಡೇ ಬಿಡ್ತಿದ್ರು, ನೀರು ಹೋಗಿಬಿಡ್ತಿತ್ತು. ನೀವು ಮುಂಜಾನಿ ಎಷ್ಟಕ್ಕ ಏಳ್ತೀರಿ?

ನಾವು ಮೂವರೂ ಹಳ್ಳಿಯವ್ರು, ನಾಲ್ಕಕ್ಕ ಏಳಂದ್ರ ನಾಲ್ಕಕ್ಕ ಏಳ್ತೀವಿ. ಪಾಳಿ ಹಚ್ಚಿ ನಾವೇ ತುಂಬಿಸ್ತೀವಿ ಆಯಿ, ನಿಮ್ಮ ಕೆಳಗಿನ ಹಂಡೇನೂ ತುಂಬಿಸ್ತೀವಿ ಅಂದ್ವಿ. ಆವಾಗ ಭಾಲ್ಕಿ ಗೆಳತಿ ತಾನೇ ಮುಂದ ಬಂದು, ಆಯಿ, ನಾವು ಎಸ್ಸಿ ಇದ್ದೀವಿ, ಆಮ್ಯಾಗ ಗೊತ್ತಾಗಿ ತ್ರಾಸ ಆಗಬಾರ್ದು ಅಂತ ಈಗೇ ಹೇಳ್ತೀನಿ ಅಂದ್ಳು. ಆಯಿ ಆಕಿ ಕಡಿ ನೋಡಿ, ನಾ ಕೇಳ್ಲಿಲ್ಲಲ್ಲ ಬೇ, ಮೋಟರ್ ಹಚ್ಲಾಕ ಬರ್ತದೋ ಇಲ್ಲೋ ಅದು ಹೇಳು ಅಂದ್ರು. ಆಕಿಗಿ ಮೋಟರ್ ನಮ್ಮೆಲ್ಲರಕಿಂತ ಛಲೋ ಬರ್ತದ, ಅವ್ರ ಹೊಲದಾಗ ಆಕೇ ಹಚ್ತಿದ್ಳಂತ. 6,000 ಇದ್ದದ್ದು 5,400ಕ್ಕ ಬಂತು, ಒಬ್ಬೊಬ್ರಿಗೆ 1,800. ಡಿಪಾಜಿಟ್ 15,000, ತಲಿಗಿ 5,000.

ಮಾಮಾ ಅಲ್ಲೇ ಬಿಡ್ಲಿಲ್ಲ, ಆಯಿ ಎಷ್ಟು ಛಲೋರಿದ್ರೂ ಬರಹ ಇರ್ಲಿ ಅಂದ. ಸ್ಟಾಂಪ್ ಪೇಪರ್ ಮ್ಯಾಗ ಹನ್ನೊಂದು ತಿಂಗ್ಳ ಕರಾರು ಮಾಡಿಸಿದ, ಅದ್ರಾಗ ಮೂರು ಮಾತು ಹಾಕಿಸಿದ. ಒಬ್ಬಾಕಿ ಬಿಟ್ಟು ಹೋದ್ರ ಆಕಿ ಪಾಲಿನ ಡಿಪಾಜಿಟ್ ಆಕಿಗೇ ವಾಪಸ್, ಬಿಡೋದ್ರ ಒಂದು ತಿಂಗ್ಳು ಮೊದ್ಲು ಹೇಳ್ಬೇಕು, ವರ್ಷದ ನಡು ಬಾಡಿಗಿ ಏರಿಸಂಗಿಲ್ಲ. ಮೂವರ ಹೆಸ್ರೂ ಬರಸ್ರಿ, ಒಬ್ಬಾಕಿ ಹೆಸ್ರಿನ ಮ್ಯಾಗ ಮಾಡಬ್ಯಾಡ್ರಿ. ಮತ್ತ ಖೋಲಿಯಾಗ ಮೊದ್ಲೇ ಏನು ಒಡದಿತ್ತು, ಫ್ಯಾನ್ ಹ್ಯಾಂಗಿತ್ತು ಅಂತ ಫೋಟೋ ಹೊಡ್ಕೋರಿ, ಬಿಡೋ ದಿನ ಕೆಲಸಕ್ಕ ಬರ್ತದ.

ಲೈಟ್ ಬಿಲ್ಲಿಂದು ಹೇಳ್ಬೇಕು. ಭಾಳ ಕಡಿ ಒಂದೇ ಮೀಟರ್ ಇರ್ತದ, ಓನರ್ ಸಬ್ ಮೀಟರ್ ಹಾಕಿ ಯುನಿಟಿಗಿ ಇಷ್ಟು ಅಂತ ತಗೋತಾರ, ಅಲ್ಲಿ ಗೃಹಜ್ಯೋತಿ ನಿಮಗ ಸಿಗಂಗಿಲ್ಲ. ನಮ್ಮ ಖೋಲಿಗಿ ಬ್ಯಾರೆ ಮೀಟರ್ ಇತ್ತು. ಗೃಹಜ್ಯೋತಿ ಬಾಡಿಗಿಯವ್ರಿಗೂ ಅದ, ಇದು ಎಷ್ಟೋ ಮಂದಿಗಿ ಗೊತ್ತೇ ಇಲ್ಲ. ಖರೆ ಹಿಂದಿನ ಬಿಎಡ್ ಹುಡುಗಿ ಆಧಾರ್ ಅದಕ್ಕ ಲಿಂಕ್ ಇತ್ತು, ಅದನ್ನ ಡಿ-ಲಿಂಕ್ ಮಾಡಿಸಿ ನಮ್ದು ಹಾಕಿಸ್ಬೇಕಾಯ್ತು, ಸೇವಾ ಸಿಂಧು ಪೋರ್ಟಲ್‌ದಾಗ ಆಗ್ತದ, ನಾವು ಕರ್ನಾಟಕ ಒನ್ ಕೇಂದ್ರಕ್ಕ ಹೋಗಿ ಮಾಡಿಸಿದ್ವಿ. ಬಿಲ್ಲಿನ ಮ್ಯಾಗಿನ ನಂಬರ್ ಮತ್ತ ಕರಾರು ಪತ್ರ ಕೈಯಾಗ ಇರ್ಲಿ. ಈಗ ಬಿಲ್ ಶೂನ್ಯ ಬರ್ತದ. ಎರಡು ಟ್ಯೂಬ್‌ಲೈಟ್, ಒಂದು ಫ್ಯಾನ್, ಬ್ಯಾಸಿಗಿಗಿ ಒಂದು ಸಣ್ಣ ಕೂಲರ್, ಮೂರು ಫೋನು, ಇಷ್ಟಕ್ಕ ನಮ್ದು ಪುಕ್ಕಟೆ ಯುನಿಟಿನ ಮಿತಿ ದಾಟಂಗಿಲ್ಲ. ಇಂಡಕ್ಷನ್ ಒಲಿ ದಿನಾ ಹಚ್ಚಿದ್ರ ದಾಟ್ತದ, ಅದಕ್ಕ ನಾವು 5 ಕೆಜಿ ಸಣ್ಣ ಸಿಲಿಂಡರ್ ತಂದೀವಿ, ಅದಕ್ಕ ಮನಿ ಅಡ್ರೆಸ್ಸಿನ ದಾಖಲೆ ಕೇಳಂಗಿಲ್ಲ, ಆಧಾರ್ ತೋರ್ಸಿದ್ರ ಕೊಡ್ತಾರ.

ಊಟದ ಲೆಕ್ಕದಾಗೇ ಖರೆ ಉಳಿತಾಯ ಅದ. ಮೆಸ್ ಕೇಳಿದ್ರ ಎರಡು ಹೊತ್ತಿಗಿ 2,800 ಅಂದ್ರು, ಬಾಡಿಗಿಗಿ ಕೂಡ್ಸಿದ್ರ 4,600, ನನ್ನ ಬಜೆಟ್ ಅಲ್ಲೇ ಮುಗೀತು. ನಾವು ಬ್ಯಾಳಿ, ಅನ್ನ, ಪಲ್ಯ ರೂಮಿನಾಗೇ ಮಾಡ್ತೀವಿ, ಮೂರು ಮನಿಯಿಂದ ಅಕ್ಕಿ, ತೊಗರಿಬ್ಯಾಳಿ, ಹಿಂಡಿ, ಉಪ್ಪಿನಕಾಯಿ ಬರ್ತದ. ರೊಟ್ಟಿ ಮಾಡೋದು ಟೈಮ್ ತಿಂತದ, ಅದಕ್ಕ ಜ್ವಾಳ ಗಿರಣಿಗಿ ಹಾಕ್ಸಿ ಹಿಟ್ಟು ಆ ರೊಟ್ಟಿ ಅಕ್ಕಗೇ ಕೊಡ್ತೀವಿ, ಅವ್ರು ಕೂಲಿ ಅಷ್ಟೇ ಹಿಡೀತಾರ. ಆ ನೋಟ್‌ಬುಕ್ಕಿನಾಗ ಈಗ ನಮ್ಮ ರೂಮಿಂದೂ ಒಂದು ಹಾಳಿ ಅದ. ಲ್ಯಾಬ್ ಇದ್ದ ದಿನ ಮುಂಜಾನಿ ಅಡಿಗಿ ಆಗಂಗಿಲ್ಲ, ಆವತ್ತು ಇಂದಿರಾ ಕ್ಯಾಂಟೀನ್, ನಾಷ್ಟಾ 5 ರೂಪಾಯಿ, ಊಟ 10 ರೂಪಾಯಿ. ಕುಡಿಯೋ ನೀರಿಗಿ ಕಾಯಿನ್ ಹಾಕೋ ಫಿಲ್ಟರ್‌ದಿಂದ ಕ್ಯಾನ್ ತುಂಬಿಸ್ತೀವಿ. ಕಾಲೇಜಿಗಿ ಸಿಟಿ ಬಸ್ ಪುಕ್ಕಟೆ, ಬಸ್ ತಡ ಆದ ದಿನ ಟಂಟಂ ಆಟೋ. ಎಲ್ಲಾ ಕೂಡ್ಸಿ ನನಗ ತಿಂಗ್ಳಿಗಿ 3,200ರಿಂದ 3,500 ಆಗ್ತದ, ಪರೀಕ್ಷಾ ಫೀಸು ಬಂದ ತಿಂಗ್ಳು ಮಾತ್ರ ಅಪ್ಪಗ ಹೇಳ್ಬೇಕಾಗ್ತದ.

ನಳದ ಪಾಳಿ ಸುಲಭ ಅಂತ ತಿಳ್ಕೋಬ್ಯಾಡ್ರಿ. ನಳ ಬರೋ ದಿನ ಗೊತ್ತು, ಟೈಮ್ ಗೊತ್ತಿರಂಗಿಲ್ಲ. ಪಾಳಿ ಇದ್ದಾಕಿ ಫೋನಿನಾಗ ಮೂರೂವರಿಗಿ ಅಲಾರಂ ಇಟ್ಟು ಕೆಳಗ ಹೋಗಿ ನಳಕ್ಕ ಕಿವಿ ಹಚ್ಚಿ ಕೇಳ್ಬೇಕು, ಮೊದ್ಲು ಗಾಳಿ ಸುಂಯ್ ಅಂತದ, ಆಮ್ಯಾಗ ಕೆಂಪು ನೀರು ಬರ್ತದ, ಅದನ್ನ ಬಿಟ್ಟು ತಿಳಿ ಬಂದ ಮ್ಯಾಗ ಸಂಪಿಗಿ ಪೈಪ್ ಇಡೋದು. ಒಂದೂವರಿ ತಾಸು ಅಲ್ಲೇ ಕೂಡ್ಬೇಕು, ನಾ ಕೆಮಿಸ್ಟ್ರಿ ನೋಟ್ಸ್ ಅಲ್ಲೇ ಓದ್ತೀನಿ. ಮೇ ತಿಂಗ್ಳಾಗ ಅಕ್ಕಪಕ್ಕದ ಮನಿಗಿ ಟ್ಯಾಂಕರ್ ಬರ್ತಿದ್ವು, ನಮಗ ಒಂದೂ ತರಿಸೋ ಪ್ರಸಂಗ ಬರ್ಲಿಲ್ಲ.

ಹಾಸ್ಟೆಲ್ ಪಟ್ಟಿ ಬಂದಾಗ ಚಿಂಚೋಳಿಯಾಕಿಗಿ ಸೀಟು ಆಯ್ತು, ನನಗ ಆಗ್ಲಿಲ್ಲ. ಭಾಲ್ಕಿ ಗೆಳತಿಗಿ ಸಮಾಜ ಕಲ್ಯಾಣದ ಹಾಸ್ಟೆಲಿನಾಗ ಹೆಸ್ರು ಬಂತು, ಖರೆ ಅದು ಊರಿನ ಆ ಕಡಿ, ನಮ್ಮ ಲ್ಯಾಬ್ ಟೈಮಿಗಿ ಹೊಂದಂಗಿಲ್ಲ ಅಂತ ಮನ್ಯಾಗ ಕೇಳಿ ಇಲ್ಲೇ ಉಳದ್ಳು. ಚಿಂಚೋಳಿಯಾಕಿ ಹೋಗೋವಾಗ ಆಯಿ ಕರಾರಿನಂಗ ಆಕಿ 5,000 ಎಣಿಸಿ ಕೊಟ್ರು, ಮೊದ್ಲೇ ಬರದಿದ್ದಕ್ಕ ಮಾತೇ ಬರ್ಲಿಲ್ಲ. ಇಬ್ರಿಗಿ ಬಾಡಿಗಿ 2,700 ಬಿತ್ತು, ಆ ಒಂದು ತಿಂಗ್ಳು ನಮಗ ಭಾಳ ಬಿಗಿ ಆಯ್ತು. ಸೆಮಿಸ್ಟರ್ ನಡು ಮೂರನೇದಾಕಿ ಸಿಗೋದು ಕಷ್ಟ, ಅದಕ್ಕ ಹಾಸ್ಟೆಲಿಗೆ ಅರ್ಜಿ ಹಾಕಿದವ್ರ ಜೋಡಿ ರೂಮ್ ಮಾಡೋವಾಗ ಸೀಟು ಬಂದ್ರ ಏನ್ ಮಾಡೋದು ಅಂತ ಮೊದ್ಲೇ ಮಾತಾಡ್ಕೋರಿ. ನಮಗ ಮತ್ತ ರೊಟ್ಟಿ ಅಕ್ಕನೇ ನರ್ಸಿಂಗ್ ಓದೋ ಸುರಪುರ ಹುಡುಗಿನ ತೋರ್ಸಿದ್ರು, ಈಗ ಆಕಿ ಮೂರನೇದಾಕಿ. ಆಕಿಗಿ ನೈಟ್ ಡ್ಯೂಟಿ ಇದ್ದಾಗ ಆಕಿ ನಳದ ಪಾಳಿ ನಾವು ಮಾಡ್ತೀವಿ, ನಮ್ಮ ಪರೀಕ್ಷಾದಾಗ ನಮ್ದು ಆಕಿ ಮಾಡ್ತಾಳ.

ಕರಾರು ಮುಗಿದ ಮ್ಯಾಗ ಆಯಿ ಕರೆದು, 500 ಏರಿಸ್ತೀನಿ ಬೇ, ಎಲ್ಲಾ ತುಟ್ಟಿ ಆಗ್ಯಾದ ಅಂದ್ರು. ನಾವು 300 ಅಂದ್ವಿ, ನೀರು ಒಮ್ಮೆನೂ ತಪ್ಪಿಸಿಲ್ಲ ನೋಡ್ರಿ ಆಯಿ ಅಂತ. 5,700ಕ್ಕ ಆಯ್ತು, ತಲಿಗಿ 1,900. ಆಯಿ ಮತ್ತೊಂದು ಮಾತು ಕೇಳಿದ್ರು, ಕೆಳಗಿನ ಹಿತ್ತಲದ ಸಣ್ಣ ಖೋಲಿ ಖಾಲಿ ಮಾಡಿಸ್ಲತ್ತೀನಿ, ಇಬ್ರು ಹುಡುಗಿಯರಿಗಿ ಆಗ್ತದ, ನಿಮ್ಮಂಗ ನಸುಕಿನಾಗ ಏಳೋರು ಇದ್ರ ಹೇಳ್ರಿ ಅಂತ. ನಮ್ಮ ಕಾಲೇಜಿಗಿ ಈ ವರ್ಷ ಬರೋ ಯಡ್ರಾಮಿ ಕಡಿ ಇಬ್ರು ಹುಡುಗಿಯರು ಐತವಾರ ನೋಡ್ಲಾಕ ಬರ್ತಾರ, ಮಧ್ಯಾಹ್ನ ಎರಡಕ್ಕ ಬರ್ರಿ ಅಂತ ಹೇಳೀನಿ.